ಹನ್ನೊಂದು ಮನೆಯ ಗಿಣ್ಣು

ಜನವರಿ ೧೪, ಮಂಗಳವಾರ

ಕಾರಿನ ಬಾಗಿಲು ಹೆಪ್ಪುಗಟ್ಟಿತ್ತು, ಒದ್ದು ತೆಗೆದೆ. ಇಂಥ ಚಳಿಯಲ್ಲಿ ಸರೋವರ ಸುತ್ತಿಕೊಂಡು ಆಚೆ ದಡಕ್ಕೆ ಹೋಗಿ, ಬಾಯೇ ಬಿಡದ ಒಬ್ಬ ಮನುಷ್ಯನ ಎದುರು ಕೂತು ಬಂದೆ. ಹೊಟ್ಟೆಪಾಡಿಗೆ ಇಷ್ಟೆಲ್ಲ ಮಾಡಬೇಕಾ ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ.

ಮನುಷ್ಯನ ಹೆಸರು ಹಾಲ್ವಾರ್. ನಮ್ಮ ಬೆಟ್ಟದ ಗಿಡ್ಡ ತಳಿಯ ನಲವತ್ತು ಹಸು ಕಟ್ಟಿದ್ದಾನೆ. ಎರಡು ಚಳಿಗಾಲದಿಂದ ಅವನ ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳಲ್ಲಿ ಅರ್ಧಕ್ಕರ್ಧ ವಾರ ತುಂಬುವ ಮೊದಲೇ ಭೇದಿ ಹತ್ತಿ ಸಾಯುತ್ತಿವೆ. ಊರಿನ ಪಶುವೈದ್ಯ ಔಷಧಿ ಕೊಟ್ಟು ಕೊಟ್ಟು ಕೈಚೆಲ್ಲಿ ನಮ್ಮ ಸಲಹಾ ಕೇಂದ್ರಕ್ಕೆ ದಾಟಿಸಿದ. ನಮ್ಮ ಸಾಹೇಬ ಪೊಂಟುಸ್ ನನಗೆ ದಾಟಿಸಿದ. "ಬರೀ ರೋಗ ನೋಡ್ಬೇಡ ದಾಗ್ನಿ, ಇಡೀ ಕೊಟ್ಟಿಗೆ ನೋಡು. ಮೇವು, ನೀರು, ಹೊಲ, ಮನೆ ಜನ, ಎಲ್ಲಾನೂ" ಅಂತ ಉಪದೇಶ ಬೇರೆ. ಆ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಕಚೇರಿಯ ಗೋಡೆಗೂ ಅಂಟಿಸಿದ್ದಾನೆ. ಅಂಟಿಸಿದವನು ಬೆಚ್ಚಗೆ ಒಳಗೆ ಕೂತಿರುತ್ತಾನೆ.

ಹಾಲ್ವಾರ್ ಹೌದು ಅನ್ನಬೇಕಾದಾಗ ಸರ್ರನೆ ಉಸಿರು ಒಳಗೆಳೆದುಕೊಳ್ಳುತ್ತಾನೆ, ಮುಗಿಯಿತು. ಇಲ್ಲ ಅನ್ನಬೇಕಾದಾಗ ಕಿಟಕಿ ನೋಡುತ್ತಾನೆ. ಹೊರಗೆ ಬಿಟ್ಟ ಮಾತಿಗಿಂತ ಒಳಗೆಳೆದ ಉಸಿರೇ ಜಾಸ್ತಿ. ಮಾತಾಡಿದ್ದೆಲ್ಲ ಅವನ ಹೆಂಡತಿ ಬೆರಿತ್.

"ಈಸ್ಟರ್ ಹೊತ್ತಿಗೆ ಕರು ಉಳಿಯೋಕೆ ಶುರುವಾಗ್ಲಿಲ್ಲ ಅಂದ್ರೆ ಎಲ್ಲಾ ಹಸುನೂ ಲಾರಿ ಹತ್ತಿಸ್ತೀವಿ ಡಾಕ್ಟ್ರೇ. ಕಸಾಯಿಖಾನೆಗೆ ಹೇಳಿಟ್ಟಾಗಿದೆ. ಸತ್ತ ಕರು ಎಳ್ಕೊಂಡು ಹೋಗಿ ಹೋಗಿ ನನಗೆ ಸಾಕಾಗಿದೆ."

"ಹೌದಾ?" ಅಂತ ಹಾಲ್ವಾರ್ ಕಡೆ ತಿರುಗಿದೆ. ಉಸಿರು ಒಳಗೆಳೆದುಕೊಂಡ.

ಬೆರಿತ್ ಪ್ರತಿ ಕರುವಿಗೂ ಒಂದೊಂದು ಹೆಸರಿಡುತ್ತಾಳೆ, ಸತ್ತಾಗ ಅಳುತ್ತಾಳೆ. ಕಿವಿಗೆ ನಂಬರಿನ ಓಲೆ ಹಾಕಿರುತ್ತಾರಲ್ಲ, ಅದು ಸಾಲದೇ? ಇಂಥವರಿಂದಲೇ ನನಗೆ ತಲೆನೋವು.

ಹಾಲ್ವಾರ್‌ನ ತಾಯಿ ಒಬ್ಬಳಿದ್ದಾಳೆ, ತೂರಾ ಅಂತ. ಎಂಬತ್ತರ ಹತ್ತಿರದ ಮುದುಕಿ. ಹಸು ಈದ ಕೂಡಲೇ ಮೊದಲು ಕರೆಯುವವಳು ಅವಳೇ. ಕರುವಿನ ಪಾಲನ್ನು ಕ್ಯಾನಿಗೆ ಹಾಕಿಡುತ್ತಾಳೆ, ಹಾಲ್ವಾರ್ ಬಂದು ಬಾಟಲಿಯಲ್ಲಿ ಕುಡಿಸುತ್ತಾನೆ. ಎರಡು ಗಂಟೆಯೊಳಗೆ ಕುಡಿಸುತ್ತೀರಾ ಅಂತ ಕೇಳಿದೆ. ಉಸಿರು. ಹೊಟ್ಟೆ ತುಂಬ? ಉಸಿರು. ಒಳ್ಳೆಯದು, ಆ ಕಡೆ ತೊಂದರೆ ಇಲ್ಲ ಅಂತಾಯಿತು. ಮುದುಕಿ ಕಾಫಿ, ಬಿಸ್ಕತ್ತು, ಮೇಲೆ ಗಿಣ್ಣು ಕೊಟ್ಟಳು. ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ, ಮೇಲೆ ಹಳದಿ ಬೆರ್ರಿ ಜಾಮು. ಇಡೀ ದಿನದಲ್ಲಿ ಒಳ್ಳೆಯದು ಅಂತ ಆದದ್ದು ಅದೊಂದೇ.

ಉಪ್ಸಾಲಾದ ಕಚೇರಿ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಬಿಸಿ ಕೋಣೆ, ಕುರ್ಚಿ, ಕಂಪ್ಯೂಟರು. ದೇವರೇ, ಅದೊಂದು ಸಿಗಲಿ.


ಜನವರಿ ೨೨, ಬುಧವಾರ

ಕರುಗಳ ರಕ್ತದ ವರದಿ ಬಂತು. ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕರು ಆ ಶಕ್ತಿಯನ್ನು ತಾಯಿಯ ಗಿಣ್ಣುಹಾಲಿನಿಂದಲೇ ಪಡೆಯಬೇಕು, ಹುಟ್ಟಿದ ಕೆಲವೇ ಗಂಟೆಗಳಲ್ಲಿ. ಆಮೇಲೆ ಬಾಗಿಲು ಮುಚ್ಚಿಬಿಡುತ್ತದೆ.

ಓಡಿದೆ. ಬೆಳಗ್ಗೆ ಒಂದು ಹಸು ಈದಿತ್ತು, ಕ್ಯಾನು ಕೊಟ್ಟಿಗೆಯ ಹಾಲುಮನೆಯಲ್ಲಿತ್ತು. ಒಂದು ಹನಿ ಅಳತೆಯ ಗಾಜಿನ ಮೇಲೆ ಬಿಟ್ಟು ನೋಡಿದೆ. ಹಳದಿ ಬಣ್ಣವೇನೋ ಇದೆ, ಸತ್ವ ಇಲ್ಲ. ಹಾಗಾದರೆ ಗೊತ್ತಾಯಿತು! ಹಸುಗಳೇ ಸತ್ವವಿಲ್ಲದ ಗಿಣ್ಣುಹಾಲು ಕೊಡುತ್ತಿವೆ. ಅಂದರೆ ತುಂಬು ಗಬ್ಬದಲ್ಲಿ ಅವಕ್ಕೆ ಮೇವು ಸರಿಯಿಲ್ಲ. ಪುಸ್ತಕದಲ್ಲಿ ಬರೆದ ಹಾಗೇ ಇದೆ ಅಂತ ಖುಷಿಯಾಯಿತು.

ಮುದುಕಿ ಮತ್ತೆ ಗಿಣ್ಣು ಕೊಟ್ಟಳು. ಬೇಡ ಅನ್ನಲಿಲ್ಲ.


ಫೆಬ್ರವರಿ ೩, ಸೋಮವಾರ

ಗಬ್ಬದ ಹಸುಗಳನ್ನು ಬೇರೆ ಕಟ್ಟಿಸಿದೆ. ಅದಕ್ಕಾಗಿ ಹಾಲ್ವಾರ್ ಹಳೆಯ ಟ್ರ್ಯಾಕ್ಟರ್ ಮನೆಯ ಗೋಡೆ ಒಡೆಯಬೇಕಾಯಿತು. ಮೇವು ಬದಲಾಯಿಸಿದೆ, ಖನಿಜದ ಪುಡಿ ಬದಲಾಯಿಸಿದೆ, ನೀರಿನ ತೊಟ್ಟಿಯ ಜಾಗವನ್ನೂ ಬದಲಾಯಿಸಿದೆ. ಬೆರಿತ್ ಪಕ್ಕದ ಊರಿನ ವೃದ್ಧಾಶ್ರಮದ ಕೆಲಸಕ್ಕೆ ಹೋಗಿ ಬಂದು, ರಾತ್ರಿ ಊಟಕ್ಕೆ ಮೊದಲು ಹಸುಗಳ ಮೇವು ತೂಗಿ ಹಾಕುತ್ತಾಳೆ. ಪಾಪ, ಕಣ್ಣು ಕೆಂಪಾಗಿತ್ತು.

"ಇದ್ರಿಂದ ಆಗುತ್ತಾ ಡಾಕ್ಟ್ರೇ?"

"ಆಗಲೇಬೇಕು" ಅಂದೆ. ಆಗುತ್ತೆ ಅನ್ನಲಿಲ್ಲ. ಗಮನಿಸಿದಳೋ ಇಲ್ಲವೋ.


ಫೆಬ್ರವರಿ ೧೩, ಗುರುವಾರ

ಸತ್ತಿತು.


ಫೆಬ್ರವರಿ ೨೭, ಗುರುವಾರ

ಇನ್ನೆರಡು ಸತ್ತವು. ಹೊಸ ಮೇವಿನ ಮೇಲೆ ಮೂರು ವಾರ ಇದ್ದ ಹಸುವಿನ ಹಾಲನ್ನೂ ಕ್ಯಾನಿನಿಂದ ತೆಗೆದು ನೋಡಿದೆ. ಅದೇ ನೀರು. ನನಗೆ ತಲೆ ಕೆಟ್ಟುಹೋಯಿತು.

ಹಾಲ್ವಾರ್ ಸುಳ್ಳು ಹೇಳುತ್ತಿದ್ದಾನೆ ಅಂತ ಅನುಮಾನ ಬಂತು. ಕ್ಯಾನಿಗೆ ನೀರು ಬೆರೆಸುತ್ತಾನೋ, ಎಲ್ಲೋ ತಡ ಮಾಡುತ್ತಾನೋ. ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. "ನಿಜ ಹೇಳಿ, ಕ್ಯಾನಲ್ಲಿರೋದು ಗಿಣ್ಣುಹಾಲು ತಾನೆ?"

ಅವನು ಉಸಿರನ್ನೂ ಎಳೆದುಕೊಳ್ಳಲಿಲ್ಲ. ಗುದ್ದಲಿ ಗೋಡೆಗೆ ಒರಗಿಸಿ ಹೊರಗೆ ಹೋದ. ಬೆರಿತ್ ನನ್ನನ್ನು ನೋಡಿದ ನೋಟ ಇತ್ತಲ್ಲ, ಹಿಮಕ್ಕಿಂತ ತಣ್ಣಗಿತ್ತು. "ಹಾಲ್ವಾರ್ ಹುಟ್ಟಿದಾಗಿನಿಂದ ಸುಳ್ಳು ಹೇಳಿಲ್ಲ. ಹೇಳೋಕೆ ಮಾತಾದ್ರೂ ಬೇಕಲ್ಲ" ಅಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಮುದುಕಿಯೊಬ್ಬಳೇ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟಳು. "ಕೋಪ ಮಾಡ್ಕೋಬೇಡ ಹುಡುಗಿ. ಹೊಟ್ಟೆಗೇನಾದ್ರೂ ಹಾಕ್ಕೋ" ಅಂತ ತಟ್ಟೆ ಮುಂದಿಟ್ಟಳು. ನನಗೆ ನಲವತ್ತಾರು. ಹುಡುಗಿ ಅಂತ ಕರೆಸಿಕೊಂಡು ಎಷ್ಟು ವರ್ಷವಾಯಿತೋ.


ಮಾರ್ಚ್ ೪, ಮಂಗಳವಾರ

ಊರೆಲ್ಲ ಕೆನೆ ತುಂಬಿದ ಸೆಮ್ಲಾ ಬನ್ನು ತಿನ್ನುವ ಮಂಗಳವಾರ. ಹೋದ ವಾರದ ಜಗಳಕ್ಕೆ ಪ್ರಾಯಶ್ಚಿತ್ತ ಅಂತ ಬೇಕರಿಯಿಂದ ಒಂದು ಪೆಟ್ಟಿಗೆ ಕೊಂಡುಹೋದೆ. ಹಾಲ್ವಾರ್ ಒಂದು ತಿಂದ, ಇನ್ನೊಂದು ತಿಂದ, ಮೂರನೆಯದಕ್ಕೆ ಉಸಿರು ಒಳಗೆಳೆದುಕೊಂಡ. ಕ್ಷಮಿಸಿದ್ದಾನೆ ಅಂದುಕೊಂಡೆ.

ಬೆಳಗ್ಗೆ ಒಂದು ಹೆಣ್ಣುಗರು ಹುಟ್ಟಿತ್ತು. ಬಿಳಿ ಮೈ, ಮೂಗಿನ ಸುತ್ತ ಮಾತ್ರ ಕಂದು. ಒದ್ದೆ ಮೈಯನ್ನು ಒಣಹುಲ್ಲಿನಿಂದ ತಿಕ್ಕುತ್ತ ಕೂತಿದ್ದೆ. ಕರುವಿಗೂ ಬನ್ನಿನ ಹೆಸರೇ ಬಿತ್ತು. ಸೆಮ್ಲಾ ನನ್ನ ಕೈಬೆರಳು ಚೀಪಿ ಚೀಪಿ ಬಿಡಲೊಲ್ಲದು. ಒಳ್ಳೆ ಗಟ್ಟಿಮುಟ್ಟು. ಇದು ಉಳಿಯುತ್ತದೆ.

ತೂರಾ ಬಿಸಿ ಬಿಸಿ ಗಿಣ್ಣು ಕೊಟ್ಟರು. ಎರಡು ಸಲ ಹಾಕಿಸಿಕೊಂಡೆ.


ಮಾರ್ಚ್ ೮, ಶನಿವಾರ

ಬೆರಿತ್ ಫೋನ್ ಮಾಡಿದ್ದಳು. ಸೆಮ್ಲಾ ಹೋಯಿತಂತೆ.

ರಜೆ ದಿನ. ಇಡೀ ದಿನ ಮಂಚದಿಂದ ಏಳಲಿಲ್ಲ. ಶೀತ ಇರಬೇಕು.


ಮಾರ್ಚ್ ೧೨, ಬುಧವಾರ

ನಿದ್ದೆ ಬರುತ್ತಿಲ್ಲ, ಎದ್ದು ಬರೆಯುತ್ತಿದ್ದೇನೆ. ಸಿಟ್ಟಿಗೋ ನಾಚಿಕೆಗೋ ಗೊತ್ತಿಲ್ಲ.

ಗಬ್ಬದ ಹಸುಗಳಿಗೆ ಹಾಕುವ ಒಣಹುಲ್ಲು ಸರೋವರದ ದಂಡೆಯ ಹೊಲದ್ದು. ಹೊಲ ಹಾಲ್ವಾರ್‌ನದಲ್ಲ, ರೂನೋ ಎಂಬ ನಿವೃತ್ತ ಮೇಷ್ಟರದ್ದು, ಗುತ್ತಿಗೆಗೆ ಕೊಟ್ಟಿದ್ದಾರೆ. ಮಣ್ಣಿನಲ್ಲೇ ಏನೋ ಕೊರತೆ ಇರಬಹುದು ಅಂತ ಅವರ ಮನೆಗೆ ಹೋದೆ. ಇದಕ್ಕಿಂತ ಬೇರೆ ಯೋಚನೆಯೇ ನನ್ನಲ್ಲಿ ಉಳಿದಿರಲಿಲ್ಲ.

"ಹೊಲದಲ್ಲಿ ಈಗೇನಮ್ಮ ಇದೆ, ಹಿಮ ಬಿಟ್ರೆ? ಒಳಗೆ ಬಾ, ಕಾಫಿ ಕುಡಿ" ಅಂದರು ರೂನೋ. ಕೂತೆ. ಒಲೆಯಿಂದ ಗಿಣ್ಣು ತೆಗೆದು ಮುಂದಿಟ್ಟರು. ಅದೇ ಗಟ್ಟಿ, ಅದೇ ಹೊಳಪು.

"ತೂರಾ ಮಾಡಿದ್ದಾ?" ಅಂದೆ.

"ಹಾಲು ತೂರಾದು, ಬೇಯ್ಸಿದ್ದು ನಾನು. ನಿನ್ನೆ ಒಂದು ಹಸು ಈದಿತಲ್ಲ, ಬಾಟ್ಲಿ ಬಂತು. ಹಸು ಈದಾಗೆಲ್ಲ ಬರುತ್ತೆ. ಹೊಲ ಕೊಟ್ಟ ಹನ್ನೊಂದು ಮನೆಗೂ ಒಂದೊಂದು ಬಾಟ್ಲಿ. ಹೋದ ವರ್ಷ ಒಂದ್ಸಲ ತಪ್ಪಿಹೋಯ್ತು. ನಾನೇ ಫೋನ್ ಮಾಡಿ ಕೇಳ್ದೆ, ಏನು ತೂರಾ, ನಮ್ಮನ್ನ ಮರೆತುಬಿಟ್ಯಾ ಅಂತ." ನಕ್ಕರು.

"ಮೊಟ್ಟೆ ಹಾಕ್ತೀರಾ ಇದಕ್ಕೆ?" ಯಾಕೆ ಕೇಳಿದೆನೋ.

"ಮೊಟ್ಟೆನಾ! ತೂರಾ ಕೇಳಿಸ್ಕೊಂಡ್ರೆ ಸೌಟಲ್ಲಿ ಬಾರಿಸ್ತಾಳೆ. ಮೊದಲ್ನೇ ಹೊತ್ತಿನ ಹಾಲು ಕಣಮ್ಮ. ಸುಮ್ನೆ ಒಲೆಗಿಟ್ರೆ ಸಾಕು, ತಾನೇ ಗಟ್ಟಿಯಾಗುತ್ತೆ. ಎರಡ್ನೇ ಹೊತ್ತಿಂದು ಹಿಂಗೆ ನಿಲ್ಲಲ್ಲ."

ಗಿಡ್ಡ ತಳಿಯ ಹಸು ಮೊದಲ ಹೊತ್ತಿಗೆ ಕೊಡುವುದೇ ಅರ್ಧ ಬಕೆಟ್ಟು. ಹನ್ನೊಂದು ಬಾಟಲಿ ತುಂಬಿಸಿದರೆ ಬಕೆಟ್ಟಿನ ತಳ ಕಾಣುತ್ತದೆ. ಉಳಿದ ಒಂದು ಬಟ್ಟಲು ಮನೆಗೆ ಬಂದ ಅತಿಥಿಗೆ. ಆ ಅತಿಥಿ ನಾನು! ಎರಡು ತಿಂಗಳಿಂದ ಕರುಗಳ ಜೀವಕ್ಕೆ ಜಾಮು ಹಚ್ಚಿಕೊಂಡು ತಿಂದೆ. ಸೆಮ್ಲಾ ಹುಟ್ಟಿದ ದಿನ ಎರಡು ಸಲ ಹಾಕಿಸಿಕೊಂಡೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳು, ಕ್ಯಾನಿನ ಹಾಲನ್ನು ಅಳೆದೇ ಅಳೆದೆ. ಒಂದೇ ಒಂದು ಸಲ ಕೆಚ್ಚಲಿಗೆ ಕೈ ಹಾಕಿ ನೇರ ಹಿಂಡಿ ನೋಡಿದ್ದರೆ! ಥೂ ನನ್ನ ಬುದ್ಧಿಗಿಷ್ಟು.

ರೂನೋ ಬಡಿಸಿದ್ದನ್ನು ಮುಟ್ಟದೆ ಎದ್ದು ಬಂದೆ. ಅವರಿಗೆ ಬೇಜಾರಾಗಿರಬೇಕು.


ಮಾರ್ಚ್ ೧೩, ಗುರುವಾರ

ಹೇಳಿದೆ. ಹೇಳಬಾರದ ರೀತಿಯಲ್ಲಿ ಹೇಳಿದೆ.

ರಾತ್ರಿಯೆಲ್ಲ ಸಿಟ್ಟು ಕುದಿದು ಬೆಳಗ್ಗೆ ನೇರ ಅವರ ಅಡುಗೆಮನೆಗೇ ನುಗ್ಗಿದೆ. ಮೂವರೂ ಇದ್ದರು. ಕೋಟು ತೆಗೆಯದೆ ನಿಂತೇ ಕೇಳಿದೆ. "ಕ್ಯಾನಿಗೆ ಯಾವ ಹಾಲು ಹಾಕ್ತೀರಿ ತೂರಾ?"

"ಕರುವಿಗೆ ಒಗ್ಗೋ ಹಾಲು" ಅಂದರು. ಮುಚ್ಚಿಡುವ ಲಕ್ಷಣವೇ ಇರಲಿಲ್ಲ. "ಮೊದಲ್ನೇದು ಎಳೇ ಹೊಟ್ಟೆಗೆ ಭಾರ. ಅದಕ್ಕೆ ಮುಂಚೆ ಈದ ಹಸುವಿನ ಎರಡ್ನೇ ಮೂರ್ನೇ ಹೊತ್ತಿಂದು ಹಾಕಿಡ್ತೀನಿ. ತೆಳ್ಳಗಿರುತ್ತೆ, ಪಾಪ, ಸಲೀಸಾಗಿ ಇಳಿಯುತ್ತೆ."

"ಅದ್ರಲ್ಲಿ ಏನೂ ಇರಲ್ಲ!" ಅಂತ ಕಿರುಚಿದೆ. "ಕರು ಹುಟ್ಟುವಾಗ ಮೈಯಲ್ಲಿ ರೋಗ ತಡೆಯೋ ಶಕ್ತಿ ಒಂದು ಚೂರೂ ಇರಲ್ಲ. ಆ ಮೊದಲ ಹಾಲೇ ಅದಕ್ಕೆಲ್ಲ. ನೀವು ಅದನ್ನ ಊರಿಗೆ ಹಂಚಿ ಕರುವಿಗೆ ಬಣ್ಣದ ನೀರು ಕುಡಿಸ್ತಿದ್ದೀರಿ."

ಬೆರಿತ್ ಬಾಯಿಗೆ ಕೈ ಇಟ್ಟುಕೊಂಡಳು. ಹಾಲ್ವಾರ್ ಮೇಜು ನೋಡುತ್ತಿದ್ದ.

"ಮೊದಲಿಂದ್ಲೂ ಹಿಂಗೇ ಮಾಡಿದ್ದು ನಾನು" ಅಂದರು ತೂರಾ ನಿಧಾನವಾಗಿ. "ಆಗ ಉಳಿದ್ವಲ್ಲ?"

ಆಗ ಹತ್ತು ಹಸು, ಪಕ್ಕದ ಎರಡು ಮನೆಗೆ ಒಂದೊಂದು ಲೋಟ. ಕರು ತಾಯಿಯ ಹತ್ತಿರವೇ ಇರುತ್ತಿತ್ತು, ತಾನೇ ಹುಡುಕಿ ಕುಡಿಯುತ್ತಿತ್ತು. ಎರಡು ವರ್ಷದ ಹಿಂದೆ ಕೊಟ್ಟಿಗೆ ದೊಡ್ಡದು ಮಾಡಿದ ಮೇಲೆ ಕರುವನ್ನು ಹುಟ್ಟಿದ ಕೂಡಲೇ ಬೇರೆ ಕಟ್ಟುತ್ತಾರೆ. ನಲವತ್ತು ಹಸುವಿಗೆ ಹುಲ್ಲು ಬೇಕು, ಹುಲ್ಲಿಗೆ ಹನ್ನೊಂದು ಜನರ ಹೊಲ ಬೇಕು, ಹನ್ನೊಂದು ಜನರಿಗೆ ಬಾಟಲಿ ಬೇಕು. ಇದನ್ನೆಲ್ಲ ವಿವರಿಸಿದೆ. ಪಾಠ ಮಾಡುವವಳ ಹಾಗೆ ಬೆರಳು ಮಡಚಿ ಮಡಚಿ ವಿವರಿಸಿದೆ.

"ಸತ್ತಿದ್ದೆಲ್ಲಾನೂ?" ಅಂದರು ತೂರಾ. "ಎರಡು ವರ್ಷದ್ದು ಎಲ್ಲಾನೂ ಇದ್ರಿಂದಾನೇನಾ?"

ಇಲ್ಲ, ಎಲ್ಲ ಅಲ್ಲ, ಬೇರೆ ಕಾರಣಗಳೂ ಇರುತ್ತವೆ ಅಂತ ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? "ಹೆಚ್ಚುಕಡಿಮೆ ಎಲ್ಲಾನೂ" ಅಂದೆ.

ತೂರಾ ಎದ್ದು ಕಾಫಿ ಬಟ್ಟಲುಗಳನ್ನು ತೊಳೆಯಲು ಶುರುಮಾಡಿದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಹಾಲ್ವಾರ್ ಕಾರಿನವರೆಗೆ ಬಂದ. "ನಮ್ಮಮ್ಮಂಗೆ ಹಂಗೆ ಹೇಳ್ಬಾರ್ದಾಗಿತ್ತು ನೀವು" ಅಂದ. ಎರಡು ತಿಂಗಳಲ್ಲಿ ನನಗೆ ಅವನು ಹೇಳಿದ ಅತಿ ಉದ್ದದ ಮಾತು ಅದೇ.


ಮಾರ್ಚ್ ೨೦, ಗುರುವಾರ

ಪೊಂಟುಸ್ ಬೆನ್ನು ತಟ್ಟಿದ. "ಗಿಣ್ಣಾ! ನೀನೂ ತಿಂದ್ಯಾ?" ಅಂತ ಹೊಟ್ಟೆ ಹಿಡಿದು ನಕ್ಕ. ಇಡೀ ಕಚೇರಿಗೆ ಹೇಳಿಕೊಂಡು ಬಂದ. ಆಮೇಲೆ ಪ್ರಕರಣ ಮುಗಿಯಿತು ಅಂತ ಕಡತ ಮುಚ್ಚಿದ.

ಮುಗಿದಿದೆಯಾ? ಈ ವಾರ ಹುಟ್ಟಿದ ಎರಡು ಕರುಗಳಿಗೆ ಹಾಲ್ವಾರ್ ಮೊದಲ ಹಾಲು ಕುಡಿಸಿದ್ದಾನೆ. ಎರಡೂ ಚಂಗನೆ ಜಿಗಿಯುತ್ತಿವೆ. ಆದರೆ ಬಾಟಲಿ ಬರಲಿಲ್ಲ ಅಂತ ರೂನೋ ಫೋನ್ ಮಾಡಿದರಂತೆ. ಪೇಟೆಯಿಂದ ಕುದುರೆ ಸಾಕುವವರು ಯಾರೋ ಆ ಹೊಲ ಕೇಳುತ್ತಿದ್ದಾರಂತೆ, ಅದನ್ನೂ ಮಾತಿನ ಮಧ್ಯೆ ತೂರಿಸಿದರಂತೆ. ಉಳಿದವರೂ ಹೀಗೇ ಮಾಡಿದರೆ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಹಸುವಿಲ್ಲ. ಈಸ್ಟರ್ ಆದ ಮೇಲೆ ಲಾರಿ ಬರುವುದು ಬಂದೇ ಬರುತ್ತದೆ. ಕರು ಉಳಿಸಲು ಹೋಗಿ ಮನೆ ಮುಳುಗಿಸಿದ ಹಾಗಾಯಿತು.

ತೂರಾ ಕೊಟ್ಟಿಗೆಗೆ ಇಳಿಯುತ್ತಲೇ ಇಲ್ಲವಂತೆ. ಅಂದಿನಿಂದ ಮಾಳಿಗೆಯ ಕೋಣೆಯಲ್ಲೇ. ಊಟ ಮೇಲೆ ತೆಗೆದುಕೊಂಡು ಹೋದರೆ ಹಾಗೇ ವಾಪಸು ಬರುತ್ತಿದೆ. ಬೆರಿತ್ ಫೋನಿನಲ್ಲಿ ಅಳುತ್ತಿದ್ದಳು.

ಪೊಂಟುಸ್‌ಗೆ ಹೇಳಿದೆ. "ಹೊಲದ ಗುತ್ತಿಗೆ, ಅತ್ತೆ ಸೊಸೆ, ಇದೆಲ್ಲ ನಮ್ಮ ಕೆಲಸ ಅಲ್ಲ ದಾಗ್ನಿ" ಅಂದ. ಅವನ ತಲೆಯ ಮೇಲೇ ಇತ್ತು ಆ ಗೋಡೆಬರಹ, ಇಡೀ ಕೊಟ್ಟಿಗೆ ನೋಡು ಅಂತ. ಕಿತ್ತು ಹರಿದುಹಾಕಬೇಕು ಅನ್ನಿಸಿತು.

ಮಧ್ಯಾಹ್ನ ಉಪ್ಸಾಲಾದಿಂದ ಫೋನ್ ಬಂದಿತ್ತು. ಬೆರಿತ್ ಜೊತೆ ಮಾತಾಡುತ್ತಿದ್ದೆ, ಎತ್ತಲಾಗಲಿಲ್ಲ. ನಾಳೆ ನೋಡೋಣ.


ಮಾರ್ಚ್ ೨೯, ಶನಿವಾರ

ರಜೆ. ಬೇರೇನೂ ಕೆಲಸವಿರಲಿಲ್ಲ, ಅದಕ್ಕೆ ಅಲ್ಲಿಗೆ ಹೋದೆ.

ಬೆರಿತ್, ಹಾಲ್ವಾರ್, ನಾನು ಮೇಜಿಗೆ ಕೂತೆವು. ತೂರಾ ಮೇಲೇ ಇದ್ದರು. ನಾನು ಹೇಳಿದೆ: "ಸಾಮಾನ್ಯ ಹಾಲಿಗೆ ಮೊಟ್ಟೆ ಹಾಕಿ ಗಿಣ್ಣು ಮಾಡಿ ಕೊಟ್ರೆ?"

"ರೂನೋ ಒಂದೇ ಚಮಚಕ್ಕೆ ಕಂಡುಹಿಡೀತಾನೆ" ಅಂದಳು ಬೆರಿತ್. "ಆಮೇಲೆ ಮೋಸ ಮಾಡಿದ್ರು ಅಂತ ಬೇರೆ ಆಗುತ್ತೆ."

"ಹಾಗಾದ್ರೆ ಕರು ಕುಡಿದು ಮಿಕ್ಕಿದ್ದನ್ನ ಸರದಿ ಮೇಲೆ ಒಂದೊಂದು ಮನೆಗೆ ಕೊಡಿ. ಆದ್ರೆ ಕಾರಣ ಹೇಳ್ಬೇಕು. ಹೋಗಿ ಮುಖ ನೋಡಿ ಹೇಳ್ಬೇಕು."

ನಮ್ಮ ಕಡೆಯವರು ಹಿಮಪಾತದಲ್ಲಿ ಸತ್ತಾರು, ಆದರೆ ಪಕ್ಕದ ಮನೆಗೆ ಹೋಗಿ ಇಂಥ ಮಾತು ಆಡಲಾರರು. ಒಂದು ಕಾಫಿ ಆಯಿತು, ಎರಡನೆಯದೂ ಆಯಿತು. ಆಗ ಹಾಲ್ವಾರ್ ಎದ್ದು ಟೋಪಿ ಹಾಕಿಕೊಂಡ.

"ನಾನು ಹೋಗ್ತೀನಿ" ಅಂದ. ಬೆರಿತ್ ಅವನನ್ನು ಬೇರೆ ಯಾರೋ ಅನ್ನುವ ಹಾಗೆ ನೋಡಿದಳು. "ಅಮ್ಮನ ಹೆಸರು ಎತ್ತೋದಿಲ್ಲ" ಅಂತಲೂ ಸೇರಿಸಿದ. ನಾನೇ ಕಾರು ಓಡಿಸಿದೆ. ದಾರಿಯಲ್ಲಿ ತುಟಿ ಅಲ್ಲಾಡಿಸುತ್ತ ಮಾತು ಉರುಹೊಡೆಯುತ್ತಿದ್ದ.

ಮೊದಲ ಮನೆ ಒಬ್ಬ ವಿಧವೆಯದು, ಇಸೋಲ್ಡೆ ಅಂತ. ಬಾಗಿಲು ತೆಗೆದ ಕೂಡಲೇ ಹಾಲ್ವಾರ್ ನಮಸ್ಕಾರವನ್ನೂ ಹೇಳದೆ ಶುರುಮಾಡಿದ. "ನಮ್ಮ ಕರುಗಳು ಸಾಯ್ತಿವೆ. ಮೊದಲ ಹಾಲು ಸಿಗದೆ. ಇನ್ಮೇಲೆ ಅದು ಕರುಗಳಿಗೆ. ಬಾಟ್ಲಿ ಬರಲ್ಲ. ಹೊಲ ಬೇಕು ಅಂದ್ರೆ ವಾಪಸ್ ತಗೊಳ್ಳಿ." ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಇಸೋಲ್ಡೆ "ಒಳಗೆ ಬಾ" ಅಂತ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಫ್ರೀಜರಿನ ಮುಚ್ಚಳ ಎತ್ತಿದರು. ತುಂಬ ಬಾಟಲಿ! ಹಳದಿ ಹಾಲು ಕಲ್ಲಾಗಿ ಕೂತಿದೆ, ಒಂದೊಂದರ ಮೇಲೂ ತೂರಾ ಅವರ ಕೈಬರಹದ ತಾರೀಖು.

"ನನಗೆ ಗಿಣ್ಣು ಸೇರಲ್ಲ ಹಾಲ್ವಾರ್" ಅಂದರು. "ಮೊದಲಿಂದ್ಲೂ ಸೇರಲ್ಲ. ನಮ್ಮೆಜಮಾನ್ರು ತಿಂತಿದ್ರು, ಅವರು ಹೋದ್ರಲ್ಲ. ತೂರಾ ಹಿಮದಲ್ಲಿ ಅಷ್ಟು ದೂರ ನಡೆದು ತಂದು ಕೊಡ್ತಾಳೆ, ಬೇಡ ಅನ್ನೋದು ಹೆಂಗಪ್ಪ? ಚೆಲ್ಲೋಕೂ ಮನಸ್ಸು ಬರಲ್ಲ."

ನಾನು ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟೆ. ನಗುವೋ ಅಳುವೋ ಒಟ್ಟಿಗೇ ಬಂತು. ಬಾಟಲಿ ತಿರುಗಿಸಿ ತಾರೀಖು ನೋಡಿದೆ. ಹಿಮಗಟ್ಟಿದ ಗಿಣ್ಣುಹಾಲು ಒಂದು ವರ್ಷದವರೆಗೆ ಕೆಡುವುದಿಲ್ಲ. ಕರುವಿಗೆ ಹದವಾಗಿ ಬಿಸಿ ಮಾಡಿ ಕೊಟ್ಟರೆ ಹೊಸದರಷ್ಟೇ ಸತ್ವ. ಈ ಮೂಲೆಯಲ್ಲಿ ಕರುಗಳ ಜೀವ ತಣ್ಣಗೆ ಮಲಗಿತ್ತು, ಆ ಮೂಲೆಯಲ್ಲಿ ಬೆರಿತ್ ಸತ್ತ ಕರು ಎಳೆಯುತ್ತಿದ್ದಳು.

ಎರಡನೇ ಮನೆ, ಫ್ರೀಜರ್. ಮೂರನೇ ಮನೆಯವರು ಬೆಕ್ಕಿಗೆ ಹಾಕುತ್ತಿದ್ದರಂತೆ, ತಲೆ ತಗ್ಗಿಸಿ ಹೇಳಿದರು. ನಾಲ್ಕನೆಯವರಿಗೆ ಇಷ್ಟ, ಆದರೆ ವರ್ಷಕ್ಕೊಂದು ಸಲ ಸಾಕಂತೆ. ಹೊಲ ವಾಪಸು ಬೇಕು ಅಂತ ಒಬ್ಬರೂ ಅನ್ನಲಿಲ್ಲ. "ಮೊದಲೇ ಹೇಳ್ಬಾರ್ದಾಗಿತ್ತಾ!" ಅಂದರು ಪ್ರತಿಯೊಬ್ಬರೂ. ಇವರು ಮೊದಲೇ ಹೇಳಬಾರದಾಗಿತ್ತಾ? ಎಂಥ ಜನವಪ್ಪ ನಾವು! ಬೇಡ ಅನ್ನುವ ಒಂದು ಮಾತು ಇಡೀ ಊರಿನಲ್ಲಿ ಒಬ್ಬರ ಗಂಟಲಿನಿಂದ ಹೊರಡಲಿಲ್ಲ.

ಕೊನೆಗೆ ರೂನೋ ಮನೆ. ಬಾಟಲಿ ಬಂದಾಗೆಲ್ಲ ಗಿಣ್ಣು ಇಷ್ಟಪಟ್ಟು ತಿನ್ನುತ್ತಿದ್ದವರು ಅವರೊಬ್ಬರೇ. ಅವರೊಬ್ಬರೇ ಒಪ್ಪಲಿಲ್ಲ. "ಕುದುರೆಯವರಿಗೆ ಮಾತು ಕೊಟ್ಟಾಯ್ತು" ಅಂದರು. ಹಾಲ್ವಾರ್ ಕಿಟಕಿ ನೋಡಿದ. ಹೊರಗೆ ಬಂದ ಮೇಲೆ, "ಆರು ಹಸು ಮಾರ್ಬೇಕಾಗುತ್ತೆ" ಅಂದ. "ಆರೇ." ಉಳಿದವಕ್ಕೆ ಹೇಳಿದ್ದ ಲಾರಿ ಬೇಡ ಅಂತ ನನ್ನ ಫೋನಿನಿಂದಲೇ ಕಸಾಯಿಖಾನೆಗೆ ತಿಳಿಸಿದ. ಆರು ಹಸುಗಳ ಹೆಸರನ್ನು ಅವನೇ ಹೇಳಿದ, ಒಂದೊಂದಾಗಿ. ನಾನು ಕಾರಿನ ಗಾಜು ಒರೆಸುವ ನೆವ ಮಾಡಿಕೊಂಡು ಕೆಳಗಿಳಿದೆ.

ಬಾಟಲಿಗಳನ್ನು ಟ್ರ್ಯಾಕ್ಟರ್ ಮನೆಯ ಫ್ರೀಜರಿನಲ್ಲಿ ಬಚ್ಚಿಟ್ಟೆವು. "ಅಮ್ಮಂಗೆ ಕಾಣ್ಬಾರ್ದು" ಅಂದ ಹಾಲ್ವಾರ್.


ಏಪ್ರಿಲ್ ೫, ಶನಿವಾರ

ಆರು ಹಸು ಹತ್ತಿಸಿದರು. ನಾನೂ ಹಗ್ಗ ಹಿಡಿದೆ. ಕೊನೆಯದು ಹತ್ತಲೊಲ್ಲದೆ ತಿರುಗಿ ತಿರುಗಿ ನೋಡಿತು. ಇವತ್ತು ಬರೆಯಲು ಮನಸ್ಸಿಲ್ಲ.

ಮಾಳಿಗೆಗೆ ಹೋಗಿ ತೂರಾ ಅವರ ಬಾಗಿಲು ತಟ್ಟಿದೆ. "ದಾಗ್ನಿ ಬಂದಿದ್ದೀನಿ" ಅಂದೆ. "ನಾನು ಹಾಗೆ ಕಿರುಚಬಾರದಾಗಿತ್ತು" ಅಂತ ಬಾಗಿಲಿಗೇ ಹೇಳಿ ಇಳಿದು ಬಂದೆ.


ಏಪ್ರಿಲ್ ೧೨, ಶನಿವಾರ

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕೂತಿದ್ದೆ. ಒಂದು ಕಡಸು ಮೊದಲ ಸಲ ಈದು, ಕಾಲು ಝಾಡಿಸುತ್ತ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹಾಲ್ವಾರ್ ಟ್ರ್ಯಾಕ್ಟರ್ ಮನೆಯ ಬಾಟಲಿ ತರಲು ಹೋದ. ಬರುವಾಗ ಬರಿಗೈಯಲ್ಲಿ ಬಂದ, ಮುಖ ಬಿಳಿಚಿಕೊಂಡಿತ್ತು. ಹಿಂದೆ ತೂರಾ ಬರುತ್ತಿದ್ದರು, ನೈಟಿಯ ಮೇಲೆ ಕೊಟ್ಟಿಗೆಯ ಕೋಟು. ಇಷ್ಟು ದಿನಕ್ಕೆ ಅರ್ಧ ಆಗಿದ್ದರು. ಕೈಯಲ್ಲಿ ಎರಡು ಬಾಟಲಿ, ಅವರದೇ ಅಕ್ಷರ.

"ಇಸೋಲ್ಡೆ ಮನೇದು ಇದು" ಅಂದರು. "ನೀಲಿ ಮುಚ್ಚಳ ಅವಳಿಗೇ ಅಂತ ಇಟ್ಟಿದ್ದೆ. ತೆಗೆದೇ ಇಲ್ಲ ಇದನ್ನ."

ಹಾಲ್ವಾರ್ ಬಿಸಿನೀರಿನ ಬಕೆಟ್ಟು ತಂದಿಟ್ಟ.

"ನಿನ್ನೆ ಕಿಟಕಿಯಿಂದ ನೋಡ್ದೆ. ಇವನು ಟ್ರ್ಯಾಕ್ಟರ್ ಮನೆಯಿಂದ ಬಾಟ್ಲಿ ತಗೊಂಡು ಕರು ಹತ್ರ ಓಡ್ತಿದ್ದ." ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿದರು. "ಎಷ್ಟು ಬಿಸಿ ಇರ್ಬೇಕು ಹುಡುಗಿ?"

"ಮೈ ಬೆಚ್ಚಗಿರುವಷ್ಟು. ಜಾಸ್ತಿ ಆದ್ರೆ ಸತ್ವ ಹೋಗುತ್ತೆ."

ಕೈ ಅದ್ದಿ ಅದ್ದಿ ನೋಡಿದರು. ಕರಗಿದ ಹಾಲನ್ನು ಕರುವಿನ ಬಾಟಲಿಗೆ ಸುರಿದು, ಹುಲ್ಲಿನ ಮೇಲೆ ಕೂತು, ಕರುವಿನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಬಾಟಲಿಯ ತಳ ಹಿಡಿದೆ. ಕರು ಗುಟುಗುಟು ಕುಡಿಯಿತು. ಅಷ್ಟು ಗಟ್ಟಿ ಹಾಲು ಇಳಿಯುವುದನ್ನು ತೂರಾ ಕಣ್ಣು ಮಿಟುಕಿಸದೆ ನೋಡಿದರು, ಎಲ್ಲಿ ಕಾರಿಬಿಡುತ್ತದೋ ಅಂತ ಕಾಯುವವರ ಹಾಗೆ. ಕಾರಲಿಲ್ಲ. ಬಾಟಲಿ ಖಾಲಿಯಾದ ಮೇಲೂ ಚೀಪುತ್ತಿತ್ತು.

"ನಮ್ಮಮ್ಮನೇ ಕಲಿಸಿದ್ದು ನನಗೆ, ಮೊದಲ್ನೇದು ಭಾರ ಅಂತ" ಅಂದರು. "ಕರು ಸತ್ತಾಗೆಲ್ಲ ಈ ಕಂಬಕ್ಕೆ ಒರಗಿ ಅಳೋಳು. ನನ್ನ ಕೈ ಸರಿಯಿಲ್ಲ, ನನ್ನ ಕೈಯಲ್ಲಿ ಕರು ಉಳಿಯಲ್ಲ ಅಂತ ಸಾಯೋವರೆಗೂ ಅಂದ್ಕೊಂಡಿದ್ಲು."

ಕರುವಿನ ಬಾಯಿ ಒರೆಸಿದರು.

"ಒಬ್ಬರೂ ಅವಳಿಗೆ ಹೇಳ್ಲಿಲ್ಲ ನೋಡು."